ಉಪನಯನದ ಫೋಟೋದಲ್ಲಿ ಸಿಕ್ಕ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲ್ಲೇಶ್ವರದಲ್ಲಿ ಒಂದು ಹಂಚಿನ ಮನೆ ಇತ್ತು. ಮುಂದೆ ಜಗಲಿ, ಕಿಟಕಿಗಳ ಮೇಲೆ ಚೂಪು ತುದಿಯ ಮರದ ಮುಸುಕು. ಅದನ್ನು ನಮ್ಮೂರಲ್ಲಿ ಮಂಕಿ ಟಾಪ್ ಅಂತಾರೆ. ಫೋಟೋ ತೆಗೆಯೋಣ ಅಂತ ಒಂದು ಸಂಜೆ ಹೋದೆ. ಮನೆ ಪೂರ್ವಕ್ಕೆ ಮುಖ ಮಾಡಿತ್ತು, ಬಿಸಿಲು ಆಗಲೇ ಹಿಂದಕ್ಕೆ ಸರಿದಿತ್ತು. ಬೆಳಿಗ್ಗೆ ಬಂದರಾಯಿತು ಅಂದುಕೊಂಡು ವಾಪಸಾದೆ. ಮತ್ತೆ ಹೋಗುವುದಕ್ಕೆ ಮೂರು ವಾರ ಆಯಿತು. ಅಷ್ಟರಲ್ಲಿ ಸುತ್ತ ತಗಡು ಹೊಡೆದಿದ್ದರು. ಒಳಗೆ ಇಟ್ಟಿಗೆ ರಾಶಿ, ಮೂಲೆಯಲ್ಲಿ ತುಳಸಿಕಟ್ಟೆ ಮಾತ್ರ ನಿಂತಿತ್ತು.

ಅವತ್ತಿನಿಂದ ನಾನು ಬೆಳಕಿಗೆ ಕಾಯುವುದಿಲ್ಲ. ಕಂಡ ಮನೆಯನ್ನು ಇರುವ ಬೆಳಕಿನಲ್ಲೇ ತೆಗೆದುಬಿಡುತ್ತೇನೆ.

ಈ ಮನೆಗಳು ಸುಮ್ನೆ ಚೆಂದಕ್ಕೆ ಕಟ್ಟಿದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಇರುವುದಕ್ಕೇ ಜನ ಹೆದರಿದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಕಾಲದಲ್ಲಿ. ನೇರ ರಸ್ತೆ, ಮನೆ ಸುತ್ತ ಜಾಗ, ಹಿಂದುಗಡೆ ಕಸ, ಕೊಳೆ ಸಾಗಿಸುವುದಕ್ಕೆ ಕನ್ಸರ್ವೆನ್ಸಿ ಓಣಿ. ಗಾಳಿ ಆಡಬೇಕು ಅನ್ನುವುದೇ ಮುಖ್ಯ. ಮಂಕಿ ಟಾಪ್ ಕೂಡ ಅದಕ್ಕೇ. ಮಳೆಯ ಇರಚಲು ಒಳಗೆ ಬೀಳುವುದಿಲ್ಲ, ಕಿಟಕಿ ಮುಚ್ಚುವುದೂ ಬೇಕಿಲ್ಲ.

ಮದ್ರಾಸ್ ತಾರಸಿಯ ಮನೆಗೆ ಹೋದರೆ ತಲೆ ಎತ್ತಿ ನೋಡಿ. ಸಾಲಾಗಿ ಮರದ ತೊಲೆ, ಅದರ ಮೇಲೆ ಅಂಚಿಗೆ ನಿಲ್ಲಿಸಿ ಜೋಡಿಸಿದ ಇಟ್ಟಿಗೆ, ಸುಣ್ಣದ ಗಾರೆ. ಇದನ್ನು ಕಟ್ಟಬಲ್ಲ ಗಾರೆಯವರು ಈಗ ಸಿಗುವುದೇ ಕಷ್ಟ. ಆದ್ದರಿಂದ ನಾನು ಮನೆಯ ಮುಂಭಾಗ ತೆಗೆದು ಹೊರಟುಬಿಡುವುದಿಲ್ಲ. ಸೂರು, ಅಗುಳಿ, ಬಚ್ಚಲ ಒಲೆ, ಓಡಾಡಿ ನುಣುಪಾದ ರೆಡ್ ಆಕ್ಸೈಡ್ ನೆಲ, ಎಲ್ಲ ಬೇಕು. ಮನೆಯವರು ಒಬ್ಬರು ಬಾಗಿಲಲ್ಲಿ ನಿಂತರೆ ಇನ್ನೂ ಒಳ್ಳೆಯದು. ಬಾಗಿಲು ಎಷ್ಟು ಎತ್ತರ ಅಂತ ಆಗ ಗೊತ್ತಾಗುತ್ತದೆ.

ಬಸವನಗುಡಿಯಲ್ಲಿ ಹಾಗೆ ನಿಂತ ಒಬ್ಬ ಅಜ್ಜಿ ಕೇಳಿದರು, "ಫೋಟೋ ತೆಗೀತೀಯ, ಸರಿ. ಮಳೆ ಬಂದ್ರೆ ಐದು ಕಡೆ ಪಾತ್ರೆ ಇಡ್ತೀನಲ್ಲಪ್ಪ, ಅದನ್ನ ಯಾರು ರಿಪೇರಿ ಮಾಡ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆ ಮಾರಿದವರನ್ನು ಬೈಯುವುದನ್ನು ಅವತ್ತೇ ಬಿಟ್ಟೆ. ನಾಲ್ಕು ಜನ ಅಣ್ಣತಮ್ಮಂದಿರಿಗೆ ಒಂದೇ ಮನೆ ಇದ್ದರೆ ಅವರಾದರೂ ಏನು ಮಾಡುತ್ತಾರೆ?

ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನು ಒಡೆಯುವ ಮಾತು ಬಂದಾಗ ಜನ ಕೋರ್ಟಿಗೆ ಹೋದರು. 1868ರ ಆ ಕೆಂಪು ಕಟ್ಟಡ ಇವತ್ತಿಗೂ ಇದೆ. ಎಂ.ಜಿ. ರಸ್ತೆಯ ಪ್ಲಾಜಾ ಟಾಕೀಸ್ 1936ರದ್ದು, ಅದು ಹೋಯಿತು. ಆದರೂ ಅದರ ಫೋಟೋಗಳಿವೆ, ಅಲ್ಲಿ ಸಿನಿಮಾ ನೋಡಿದವರಿದ್ದಾರೆ. ಅಡ್ಡರಸ್ತೆಯ ಒಂದು ಮನೆಗೆ ಅದೂ ಇರುವುದಿಲ್ಲ, ಅಲ್ವಾ?

ನಾನು ಹಾಗೇ ಅಂದುಕೊಂಡಿದ್ದೆ. ಆ ಮಲ್ಲೇಶ್ವರದ ಮನೆ ಹೋದ ಮೇಲೆ, ಅದೇ ಬೀದಿಯ ಹಿರಿಯರೊಬ್ಬರು ತಮ್ಮ ಉಪನಯನದ ಆಲ್ಬಂ ತೋರಿಸಿದರು. ಅವರ ಮನೆಯಲ್ಲಿ ಜಾಗ ಸಾಲದೆ ಪಕ್ಕದ ಮನೆಯ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಫೋಟೋ ತೆಗೆಸಿದ್ದರಂತೆ. ವಟುವಿನ ತಲೆಯ ಹಿಂದೆ ಆ ಕಿಟಕಿ. ಮೇಲೆ ಮಂಕಿ ಟಾಪ್, ಅದರ ಒಂದೊಂದು ಪಟ್ಟಿಯೂ ಎಣಿಸುವ ಹಾಗಿತ್ತು. ಹೊತ್ತು ಬೆಳಿಗ್ಗೆಯದೇ.

ಆಮೇಲೆ ಎಲ್ಲಿ ಹೋದರೂ ಮೊದಲು ಆಲ್ಬಂ ಕೇಳುತ್ತೇನೆ. ನಾಮಕರಣ, ಗೌರಿ ಹಬ್ಬ, ಹೊಸ ಸ್ಕೂಟರ್ ತಂದ ದಿನ. ಜನರನ್ನು ತೆಗೆಯಲು ಹೋಗಿ ನಿಮ್ಮ ಮನೆಯವರು ಊರನ್ನೂ ತೆಗೆದಿಟ್ಟಿದ್ದಾರೆ.

ಈ ಭಾನುವಾರ ಬೀರುವಿನಿಂದ ಆಲ್ಬಂ ಇಳಿಸಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಕ್ರಾಸ್, ಯಾವ ವರ್ಷ, ಯಾರ ಮನೆ ಜಗಲಿ ಅಂತ ಕೇಳಿ ಪ್ರತಿ ಫೋಟೋದ ಹಿಂದೆ ಬರೆಯಿರಿ. ಪೆನ್ಸಿಲ್ಲಿನಲ್ಲಿ, ಮೆಲ್ಲಗೆ. ಬಾಲ್ ಪೆನ್ನಿನ ಗೀರು ಮುಂದೆ ಮೂಡಿಬಿಡುತ್ತದೆ.

ನಮಸ್ಕಾರ.