ಸರ್ವಿಸ್ ಆತು ಅಂದ್ರ ಆತೇನು? ಬಿಲ್ ಕೈಯಾಗ ಹಿಡದು ಟ್ರ್ಯಾಕ್ಟರ್ ನೋಡೋದು ಹೆಂಗ

ಮೇ ತಿಂಗಳ ಕಡೀ ವಾರ ಬಂತಂದ್ರ ಹುಬ್ಬಳ್ಳಿ ಗೋಕುಲ ರೋಡಿನಿಂದ ಹಿಡದು ಗದಗ, ಹಾವೇರಿ ತನಕಾ ಯಾವ ಗ್ಯಾರೇಜ್ ಮುಂದ ನೋಡಿದ್ರೂ ಟ್ರ್ಯಾಕ್ಟರ್ ಸಾಲು ಹಚ್ಚಿರತಾವು. ರೋಹಿಣಿ ಮಳಿ ಬೀಳೋದ್ರೊಳಗ ಎಲ್ಲಾರ ಗಾಡೀನೂ ತಯಾರ ಆಗಬೇಕು. ಇರೋದು ಒಬ್ಬ ಮಿಸ್ತ್ರಿ, ನಿಂತಿದ್ದು ಐದು ಗಾಡಿ, ನಡುವ ಫೋನ್ ಬ್ಯಾರೆ. ತಪ್ಪು ಆಗೋದು ಇಂಥಾ ಹೊತ್ತಿನಾಗ. ಅಂವಗ ಕೆಲಸ ಬರೂದಿಲ್ಲ ಅಂತಲ್ಲ. ನಟ್ಟು ಕೈಲೆ ತಿರುವಿರತಾನ, ಇನ್ನೇನ್ ಪಾನಾ ಹಚ್ಚಬೇಕು ಅನ್ನೋದ್ರಾಗ ಯಾರೋ ಕರೀತಾರ. ಹೊಳ್ಳಿ ಬಂದು ಮುಂದಿನ ನಟ್ಟಿಗೆ ಕೈ ಹಾಕತಾನ.

ಅದಕ್ಕ ಒಂದು ಮಾತು ತಲ್ಯಾಗ ಇಟ್ಕೊಳ್ರಿ. ಸರ್ವಿಸ್ ಆದ ಗಾಡಿಯೊಳಗ ಹೊಸಾ ತೊಂದ್ರಿ ಬರೋದು ಕೈ ಹಾಕಿದ ಜಾಗಾದಾಗ. ಮುಟ್ಟಲಾರದ ಭಾಗ ನಿನ್ನೆ ಹೆಂಗಿತ್ತೋ ಇವತ್ತೂ ಹಂಗ ಇರತೈತಿ. ಹಂಗಾಗಿ ಬಿಲ್ ಕೈಯಾಗ ಹಿಡೀರಿ, ಒಂದೊಂದು ಸಾಲು ಓದ್ರಿ, ಆ ಜಾಗಾಕ್ಕ ಹೋಗಿ ನಿಲ್ರಿ. ಆಯಿಲ್ ಫಿಲ್ಟರ್ ಅಂತ ಬರದಾರೋ, ಫಿಲ್ಟರ್ ಹತ್ರ ಹೋಗ್ರಿ. ಕ್ಲಚ್ ಅಡ್ಜಸ್ಟ್ ಅಂತ ಬರದಾರೋ, ಪೆಡಲ್ ಹತ್ರ ಬಗ್ಗ್ರಿ.

ಗಾಡಿ ಬಿಡೋ ಮುಂದ ಎರಡು ಕೆಲಸ ಅದಾವು. ಎಂಜಿನ್ ಎಷ್ಟ್ ತಾಸು ಓಡೈತಿ ಅಂತ ತೋರಸೋ ಅವರ್ ಮೀಟರ್ ಫೋಟೋ ಹೊಡಕೊಳ್ರಿ. ಬಿಚ್ಚಿದ ಹಳೀ ಸಾಮಾನು ಒಗೀಬ್ಯಾಡ್ರಿ, ಚೀಲದಾಗ ಹಾಕಿ ಕೊಡ್ರಿ ಅಂತ ಮೊದಲ ಹೇಳ್ರಿ. ಹಳೀ ಫಿಲ್ಟರ್ ಕೈಗೆ ಬಂತಂದ್ರ ಹೊಸಾದು ಬಿದ್ದೈತಿ ಅನ್ನೋದಕ್ಕ ಬ್ಯಾರೆ ಸಾಕ್ಷಿ ಬೇಕಾಗೂದಿಲ್ಲ. ಫ್ರೀ ಸರ್ವಿಸ್ ಅಂದ್ರ ಸಾಮಾನ್ಯವಾಗಿ ಮಜೂರಿ ಅಷ್ಟ ಫ್ರೀ, ಎಣ್ಣಿ, ಫಿಲ್ಟರ್ ರೊಕ್ಕ ನಮ್ದ. ಹಂಗಾಗಿ ಬಿಲ್‌ನ್ಯಾಗ ಎಣ್ಣಿ ಎಷ್ಟ್ ಲೀಟರ್ ಅಂತ ಬರದದ್ದನ್ನ ಓದ್ರಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರ್ ಮತ್ತ ಹಲವು ಬಿಡಿಭಾಗದ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕ ಇಳದೈತಿ. ಆ ಸಾಲಿನ ಮ್ಯಾಲೂ ಒಂದು ಕಣ್ಣಿರಲಿ.

ಈಗ ಎಂಜಿನ್ ಎಣ್ಣಿ. ಗಾಡಿ ಮಟ್ಟಸ ನೆಲದ ಮ್ಯಾಲ ನಿಲ್ಲಬೇಕು, ಎಂಜಿನ್ ಬಂದ್ ಆಗಿ ಹತ್ತು ನಿಮಿಷ ಆಗಿರಬೇಕು. ಎಣ್ಣಿ ಮಟ್ಟಾ ನೋಡೋ ಕಡ್ಡಿ, ಅಂದ್ರ ಡಿಪ್‌ಸ್ಟಿಕ್, ತಗದು ಅರಿವಿಲೆ ಒರಸಿ, ಪೂರಾ ಒಳಗ ಹಾಕಿ, ಮತ್ತ ತಗೀರಿ. ಎಣ್ಣಿ ಎರಡು ಗೆರಿ ನಡುವ, ಮ್ಯಾಲಿನ ಗೆರಿ ಹತ್ರ ಇರಬೇಕು. ಗೆರಿ ದಾಟಿದ್ರ ಅದೂ ತಪ್ಪ. ಹೆಚ್ಚಿಗಿ ಎಣ್ಣಿಗೆ ಕ್ರ್ಯಾಂಕ್ ಬಡದು ನೊರಿ ಏಳತೈತಿ, ನೊರಿ ಎದ್ದ ಎಣ್ಣಿ ಬೇರಿಂಗಿಗೆ ಸರಿಯಾಗಿ ಮುಟ್ಟೂದಿಲ್ಲ, ಸೀಲ್ ಮ್ಯಾಲ ಒತ್ತಡ ಬಿದ್ದು ಸೋರಾಕ ಹತ್ತತೈತಿ. 40ರಿಂದ 50 ಎಚ್‌ಪಿ ಗಾಡಿಗೆ ಸುಮಾರು 6ರಿಂದ 8 ಲೀಟರ್ ಹಿಡೀತೈತಿ, ಕೆಲವಕ್ಕ ಇನ್ನೊಂಚೂರು ಹೆಚ್ಚು. ನಿಮ್ಮ ಗಾಡಿ ಲೆಕ್ಕ ಕಂಪನಿ ಕೊಟ್ಟ ಪುಸ್ತಕದಾಗ ಇರತೈತಿ, ಬಿಲ್ ಜೊತಿ ತಾಳಿ ನೋಡ್ರಿ.

ಬಣ್ಣಾ ನೋಡಿ ಎಣ್ಣಿ ಬದಲಿ ಮಾಡಿಲ್ಲ ಅಂತ ಜಗಳಾ ತಗೀಬ್ಯಾಡ್ರಿ. ಡೀಸೆಲ್ ಎಂಜಿನ್ನಿನಾಗ ಹೊಸಾ ಎಣ್ಣಿ ಸ್ವಲ್ಪ ಹೊತ್ತು ಓಡೋದ್ರಾಗ ಕರ್ರಗ ಆಗತೈತಿ, ಒಳಗಿನ ಮಸಿ ತೊಳದು ಹೊರಗ ತರೋದ ಅದರ ಕೆಲಸ. ಡಬ್ಬಿ ಸೀಲ್ ನಿಮ್ಮ ಕಣ್ಣ ಮುಂದ ಒಡಸ್ರಿ, ಡಬ್ಬಿ ಮ್ಯಾಲಿನ ಗ್ರೇಡ್ 15ಡಬ್ಲ್ಯೂ-40 ಇರಲಿ, ಬ್ಯಾರೆ ಇರಲಿ, ಪುಸ್ತಕದಾಗ ಏನ್ ಹೇಳೈತೋ ಅದ ಇರಬೇಕು.

ಆಯಿಲ್ ಫಿಲ್ಟರಿನಾಗ ಒಂದು ಹಳೀ ತಪ್ಪು ಐತಿ, ಯಾವಾಗಲೂ ಆಗತೈತಿ. ಹಳೀ ಫಿಲ್ಟರ್ ಬಿಚ್ಚುವಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೆ ಅಂಟಿಕೊಂಡು ಉಳೀತೈತಿ. ಅದರ ಮ್ಯಾಲ ಹೊಸಾ ಫಿಲ್ಟರ್ ಕುಂದರಸತಾರ, ಎರಡು ರಬ್ಬರ್ ಆತು. ನಿಂತಾಗ ಒಂದು ಹನಿ ಸೋರೂದಿಲ್ಲ. ರೇಸ್ ಕೊಟ್ಟು ಒತ್ತಡ ಏರಿದ ಕೂಡಲೆ ಹಿಂದಿನ ರಬ್ಬರ್ ಹೊರಗ ಸರದು, ಇದ್ದ ಎಣ್ಣಿ ಎಲ್ಲಾ ನೆಲಕ್ಕ. ಅದಕ್ಕ ಬಿಚ್ಚಿದ ಫಿಲ್ಟರ್ ನೋಡುವಾಗ ಅದರ ಬಾಯಾಗ ರಬ್ಬರ್ ಐತೋ ಇಲ್ಲೋ ನೋಡ್ರಿ. ಇಲ್ಲಾಂದ್ರ ಅದು ಎಂಜಿನ್ನಿನಾಗ ಐತಿ. ಹೊಸಾ ಫಿಲ್ಟರ್ ರಬ್ಬರಿಗೆ ಎಣ್ಣಿ ಸವರಿ, ಮುಟ್ಟಿದ ಮ್ಯಾಲ ಕೈಲೆ ಮುಕ್ಕಾಲು ಸುತ್ತು ಸಾಕು. ಪಾನಾ ಹಚ್ಚಿ ಬಿಗದ್ರ ಮುಂದಿನ ಸಲಾ ಅದನ್ನ ಸುತ್ತಿಗಿಲೆ ಒಡದ ಬಿಚ್ಚಬೇಕಾಗತೈತಿ.

ಕೆಳಗ ಹಳೀ ಎಣ್ಣಿ ಇಳಸೋ ಡ್ರೇನ್ ಪ್ಲಗ್ ಸುತ್ತ ಒಣಾ ಅರಿವಿಲೆ ಒರಸ್ರಿ, ಸೋರಿದ್ರ ಆಮ್ಯಾಲ ಹಸಿ ಕಾಣತೈತಿ. ಆಮ್ಯಾಲ ಎಂಜಿನ್ ಚಾಲೂ ಮಾಡ್ರಿ, ರೇಸ್ ಕೊಡಬ್ಯಾಡ್ರಿ. ಎಣ್ಣಿ ದೀಪಾ ಕೆಲವು ಸೆಕೆಂಡಿನಾಗ ಆರಬೇಕು. ಹೊಸಾ ಫಿಲ್ಟರ್ ತುಂಬೋ ತನಕಾ ಸ್ವಲ್ಪ ತಡಾ ಆಗತೈತಿ, ಆದ್ರ ಹತ್ತು ಸೆಕೆಂಡ್ ಆದ್ರೂ ಆರಲಿಲ್ಲಂದ್ರ ಬಂದ್ ಮಾಡ್ರಿ. ಐದು ನಿಮಿಷ ಓಡಿಸಿ, ಬಂದ್ ಮಾಡಿ, ಮೊದಲಿನಂಗ ಹತ್ತು ನಿಮಿಷ ಬಿಟ್ಟು ಮತ್ತ ಡಿಪ್‌ಸ್ಟಿಕ್ ತಗೀರಿ. ಫಿಲ್ಟರ್ ತನ್ನ ಪಾಲು ಕುಡದಿರತೈತಿ, ಮಟ್ಟಾ ಇಳದಿರತೈತಿ. ಅದನ್ನ ಅಲ್ಲೇ ತುಂಬಿಸ್ಕೊಳ್ರಿ.

ಇನ್ನ ಏರ್ ಕ್ಲೀನರ್, ಎಂಜಿನ್ನಿಗೆ ಹೋಗೋ ಗಾಳಿ ಸೋಸೋದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ್ರಿ. ನವಲಗುಂದ, ನರಗುಂದ, ರೋಣ ಕಡೆ ಎರಿ ಹೊಲದಾಗ ಬ್ಯಾಸಿಗಿಯೊಳಗ ರೋಟಾವೇಟರ್ ಹೊಡೆಯೋದು ನೋಡಿದವ್ರಿಗೆ ಹೇಳಬೇಕಾಗಿಲ್ಲ, ಗಾಡಿನ ಕಾಣೂದಿಲ್ಲ, ಬರೇ ಧೂಳಿ. ಆ ಧೂಳಿ ಎಂಜಿನ್ನಿನಾಗ ಹೋತಂದ್ರ ಲೈನರ್, ರಿಂಗು ಉಜ್ಜಿ ಸವೀತಾವು, ಪಿಕಪ್ ಇಳೀತೈತಿ, ಎಣ್ಣಿ ಸುಡತೈತಿ. ಆದ್ರ ಎಣ್ಣಿ ಸೋರಿದ್ರ ಕಾಣತೈತಿ, ಧೂಳಿ ಹೋಗೋದು ಕಾಣೂದಿಲ್ಲ. ಅದಕ್ಕ ನನ್ನ ಕೇಳಿದ್ರ ಸರ್ವಿಸ್‌ನ್ಯಾಗ ಮೊದಲ ನೋಡಬೇಕಾದ್ದು ಇದ.

ಎಣ್ಣಿ ಬಟ್ಟಲಿನ ಏರ್ ಕ್ಲೀನರ್ ಇದ್ರ ಬಟ್ಟಲು ಇಳಿಸಿ ನೋಡ್ರಿ. ಎಣ್ಣಿ ಗುರುತಿನ ಮಟ್ಟಕ್ಕ ಇರಬೇಕು. ಕಡಿಮಿ ಇದ್ರ ಧೂಳಿ ಹಿಡಿಯೂದಿಲ್ಲ. ಹೆಚ್ಚಿಗಿ ಇದ್ರ ಗಾಳಿ ಜೊತಿ ಎಣ್ಣೀನೂ ಎಳಕೊಂಡು ಎಂಜಿನ್ ಅದನ್ನ ಡೀಸೆಲ್ ಹಂಗ ಸುಡಾಕ ಹತ್ತತೈತಿ, ರೇಸ್ ತಾನ ಏರತೈತಿ, ಸ್ಟಾಪ್ ಜಗ್ಗಿದ್ರೂ ನಿಲ್ಲೂದಿಲ್ಲ. ಹಂಗೇನರ ಆದ್ರ ಗಾಳಿ ಬಾಯಿಗೆ ಹಲಿಗಿ ಒತ್ತಿ ಗಾಳಿ ಕಟ್ಟಬೇಕು, ಕೈ ಮಾತ್ರ ಒಡ್ಡಬ್ಯಾಡ್ರಿ. ಬಟ್ಟಲಿನ ತಳದಾಗ ರಾಡಿ ಕುಂತಿದ್ರ ಮ್ಯಾಲ ಹೊಸಾ ಎಣ್ಣಿ ಸುರುವಿ ಬಿಟ್ಟಾರ ಅಂತ ತಿಳೀರಿ.

ಕಾಗದದ ಫಿಲ್ಟರ್ ಇದ್ರ ಕಥಿ ಬ್ಯಾರೆ. ಹವಾ ಹೊಡದು ಹೊಳ್ಳಿ ಹಾಕೇನಿ ಅಂತಾರ. ಹವಾ ಒಳಗಿಂದ ಹೊರಗ ಹೊಡೀಬೇಕು, ಒತ್ತಡ ಸುಮಾರು 30 ಪಿಎಸ್‌ಐ ಒಳಗ. ಗ್ಯಾರೇಜ್ ಕಂಪ್ರೆಸರ್ ಅದಕ್ಕಿಂತ ಭಾಳ ಜೋರು ಇರತೈತಿ, ಹತ್ರ ಹಿಡದು ಬಿಟ್ರ ಕಾಗದ ತೂತು. ಕತ್ತಲದಾಗ ಫಿಲ್ಟರ್ ಒಳಗ ಮೊಬೈಲ್ ಲೈಟ್ ಹಿಡದು ನೋಡ್ರಿ, ಸೂಜಿ ಮೊನಿಯಷ್ಟು ಬೆಳಕು ಸೀದಾ ಹೊರಗ ಬಂದ್ರೂ ಅದು ಕೆಲಸಕ್ಕ ಬರೂದಿಲ್ಲ. ಒಳಗಿನ ಸಣ್ಣ ಸೇಫ್ಟಿ ಫಿಲ್ಟರಿಗೆ ಹವಾ ಹೊಡೀಲೇಬಾರದು, ಅದನ್ನ ಬದಲಿ ಮಾಡೋದಷ್ಟ.

ಫಿಲ್ಟರ್ ಎಷ್ಟ ಚಂದಿದ್ರೂ ಅಲ್ಲಿಂದ ಎಂಜಿನ್ನಿಗೆ ಹೋಗೋ ರಬ್ಬರ್ ಪೈಪಿನ ಕ್ಲಿಪ್ ಸಡ್ಲ ಇದ್ರ ಎಲ್ಲಾ ದಂಡ. ಪೈಪ್ ಹಿಡದು ತಿರುವಿ ನೋಡ್ರಿ, ಅಲುಗಾಡಬಾರದು. ಹತ್ತು ತಾಸು ಹೊಲದಾಗ ದುಡಿಸಿದ ಮ್ಯಾಲ ಆ ಪೈಪ್ ಬಿಚ್ಚಿ ಒಳಗ ಬಿಳೀ ಅರಿವಿ ಆಡಸ್ರಿ. ಅರಿವಿಗೆ ಧೂಳಿ ಹತ್ತಿದ್ರ ಎಲ್ಲೋ ಸಂದಿ ಐತಿ, ಅವತ್ತ ಗಾಡಿ ನಿಲ್ಲಸ್ರಿ.

ಡೀಸೆಲ್ ಫಿಲ್ಟರ್ ಬದಲಿ ಮಾಡಿದ್ರ ಲೈನಿನಾಗ ಹವಾ ಉಳಿಯೋದು ಮಾಮೂಲಿ. ಚಾಲೂ ಆಗತೈತಿ, ಎರಡು ನಿಮಿಷಕ್ಕ ಗುಳು ಗುಳು ಅಂತ ಬಂದ್ ಬೀಳತೈತಿ. ಫಿಲ್ಟರ್ ಮ್ಯಾಲಿನ ಹವಾ ಸ್ಕ್ರೂ ಸಡ್ಲ ಮಾಡಿ ಕೈ ಪಂಪ್ ಒತ್ತಿದ್ರ ಗುಳ್ಳಿ ಬರತಾವು, ಗುಳ್ಳಿ ನಿಂತು ಬರೇ ಡೀಸೆಲ್ ಬಂದಾಗ ಸ್ಕ್ರೂ ಬಿಗೀರಿ. ಪೈಪ್ ಕೂಡೋ ಜಾಗಾದಾಗ ತಾಮ್ರದ ವಾಷರ್ ಹಳೇವ ಹಾಕಿದ್ರ ಜಿನಗತೈತಿ, ಅಲ್ಲಿ ಬಟ್ಟು ಇಟ್ಟು ನೋಡ್ರಿ.

ರೇಡಿಯೇಟರ್ ಬಗ್ಗೆ ಎರಡ ಮಾತು. ಕೂಲೆಂಟ್ ಅಂತ ಬಿಲ್ ಮಾಡಿ ಬೋರಿನ ನೀರು ಹಾಕಿಲ್ಲ ಅನ್ನೋದನ್ನ ಬಣ್ಣಾ ನೋಡಿ ತಿಳೀರಿ. ಗದಗ ಕಡೆ ಬೋರ್ ನೀರು ಗಡಸು, ಒಳಗ ಸುಣ್ಣಾ ಕಟ್ಟತೈತಿ. ತುಂಬಿದ ಮರುದಿನ ಮುಂಜಾನಿ ತಣ್ಣಗ ಇದ್ದಾಗ ಮುಚ್ಚಳ ತಗದು ನೋಡ್ರಿ, ಗಾಳಿ ಹೊರಗ ಹೋಗಿ ಮಟ್ಟಾ ಇಳದಿರತೈತಿ. ಬಿಸಿ ಇದ್ದಾಗ ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ. ಫ್ಯಾನ್ ಬೆಲ್ಟ್ ಎಂಜಿನ್ ಬಂದ್ ಮಾಡಿ ನಡುವ ಹೆಬ್ಬಟ್ಟಿಲೆ ಒತ್ತಿದ್ರ 12ರಿಂದ 15 ಮಿಲಿಮೀಟರ್ ಒಳಗ ಹೋಗಬೇಕು.

ಕ್ಲಚ್ ಪೆಡಲ್ ಕೈಲೆ ಒತ್ತಿ ನೋಡ್ರಿ. ಮೊದಲಿನ ಒಂದು ಇಂಚು ಹಗುರ ಹೋಗಬೇಕು, ಆಮ್ಯಾಲ ಗಟ್ಟಿ ಆಗಬೇಕು. ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್, ಪುಸ್ತಕದಾಗಿಂದ ನೋಡ್ಕೊಳ್ರಿ. ಆ ಸಡ್ಲ ಇರಲಿಲ್ಲಂದ್ರ ಕ್ಲಚ್ ಯಾವಾಗಲೂ ಅರ್ಧಾ ಒತ್ತಿದಂಗ, ಪ್ಲೇಟ್ ಜಾರಿ ಸುಡತೈತಿ. ಭಾಳ ಸಡ್ಲ ಇದ್ರ ಗೇರ್ ಕರ್ ಅಂತ ಬೀಳತೈತಿ.

ಬ್ರೇಕ್ ಅಡ್ಜಸ್ಟ್ ಮಾಡಿದ್ರಂತೂ ಅಲ್ಲೇ ಬಿಡ್ರಿ ಅನ್ನಬ್ಯಾಡ್ರಿ. ಎಡಗಡೆ ಗಾಲಿಗೊಂದು, ಬಲಗಡೆ ಗಾಲಿಗೊಂದು ಇರೋ ಬ್ರೇಕ್ ಪೆಡಲ್ ಬ್ಯಾರೆ ಬ್ಯಾರೆ ಒತ್ತಿದ್ರ ಎರಡೂ ಅಷ್ಟಷ್ಟ ಕೆಳಗ ಹೋಗಬೇಕು. ಆಮ್ಯಾಲ ಎರಡನ್ನೂ ಕೂಡಿಸೋ ಕೊಂಡಿ ಹಾಕಿ, ಖುಲ್ಲಾ ಮಣ್ಣಿನ ಜಾಗಾದಾಗ ನಿಧಾನಕ್ಕ ಓಡಿಸಿ ಬ್ರೇಕ್ ಒತ್ರಿ. ಇಳದು ಹಿಂದಿನ ಗಾಲಿ ಗುರುತು ನೋಡ್ರಿ, ಎರಡೂ ಗೆರಿ ಒಂದ ಉದ್ದ ಇರಬೇಕು. ಒಂದು ಕಡೆ ಜಗ್ಗೋ ಗಾಡಿ ಹೊಲದಾಗ ನಡೀತೈತಿ ಖರೆ, ಆದ್ರ ಟ್ರೇಲರ್ ತುಂಬ ಮೆಣಸಿನಕಾಯಿ ಹೇರಿ ರಾಷ್ಟ್ರೀಯ ಹೆದ್ದಾರಿ 48ರ ಮ್ಯಾಲ ಬ್ಯಾಡಗಿ ಕಡೆ ಹೊಂಟಾಗ ಅದ ಗಾಡಿ ಅಡ್ಡ ತಿರಗತೈತಿ, ಹಿಂದಿನ ಟ್ರೇಲರ್ ಮೈಮ್ಯಾಲ ಬರತೈತಿ. ರೋಡಿಗೆ ಹತ್ತಿದ ಮ್ಯಾಲ ಕೊಂಡಿ ಹಾಕಿರಲೇಬೇಕು. ಎಣ್ಣಿಯೊಳಗ ಮುಳುಗಿದ ಬ್ರೇಕ್ ಇರೋ ಗಾಡಿಗೆ ಗೇರ್‌ಬಾಕ್ಸ್ ಎಣ್ಣಿ ಬದಲಿ ಮಾಡಿದ್ರ, ಕಂಪನಿ ಹೇಳಿದ ಜಾತಿ ಎಣ್ಣೀನ ಹಾಕ್ಯಾರೋ ನೋಡ್ರಿ. ಬ್ಯಾರೆದು ಹಾಕಿದ್ರ ಬ್ರೇಕ್ ಒತ್ತಿದಾಗ ಗರ್ ಅಂತ ನಡಗತೈತಿ.

ಗಾಲಿ ಬಿಚ್ಚಿದ್ರ ನಟ್ಟು ಎಲ್ಲಾ ಅದಾವೋ ಎಣಿಸ್ರಿ. ಹಿಂದಿನ ಗಾಲಿಗೆ ಎರಡು ಸಾಲು, ಗಾಲಿ ನಡುವಿನ ಹಬ್ಬಿನ ನಟ್ಟು ಒಂದು, ರಿಮ್ಮಿನ ಬೋಲ್ಟು ಇನ್ನೊಂದು. ಬಿಗದ ಮ್ಯಾಲ ನಟ್ಟಿನಿಂದ ಗಾಲಿ ಮ್ಯಾಲ ಪೇಂಟಿಲೆ ಒಂದು ಗೆರಿ ಎಳೀರಿ, ನಟ್ಟು ತಿರುಗಿದ್ರ ಗೆರಿ ಮುರದು ಕಾಣತೈತಿ. ಹವಾ ಅಂತೂ ಹುಡುಗ್ರು ಎಲ್ಲಾ ಗಾಲಿಗೂ ಒಂದ ಲೆಕ್ಕ ತುಂಬತಾರ. ಹೊಲದ ಕೆಲಸಕ್ಕ ಹಿಂದಿನ ದೊಡ್ಡ ಗಾಲಿಗೆ 12ರಿಂದ 14 ಪಿಎಸ್‌ಐ ಸಾಕು, ಮುಂದಿನ ಸಣ್ಣವಕ್ಕ ಅದರ ಎರಡು ಪಟ್ಟು ಇಲ್ಲಾ ಹೆಚ್ಚು. ಹಿಂದ 25, 30 ತುಂಬಿದ್ರ ಎರಿ ಮಣ್ಣಿನಾಗ ಗಾಲಿ ಸ್ಲಿಪ್ ಹೊಡೀತೈತಿ, ಡೀಸೆಲ್ ಹಾಳು.

ಮುಂದಿನ ಹಬ್ಬಿಗೆ ಗ್ರೀಸ್ ಮಾಡಿದ್ರ ಬೇರಿಂಗ್ ಬಿಗಿ ನೋಡಬೇಕು. ಆಕ್ಸಲ್ ಕೆಳಗ ಜ್ಯಾಕ್ ಕೊಟ್ಟು, ಹಿಂದಿನ ಗಾಲಿಗೆ ಕಲ್ಲು ಇಟ್ಟು, ಗಾಲಿ ಮ್ಯಾಲ ಕೆಳಗ ಹಿಡದು ಅಲುಗಾಡಸ್ರಿ. ಆಡಬಾರದು, ಆದ್ರ ಸಲೀಸ ತಿರುಗಬೇಕು. ನಾಲ್ಕೈದು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ ನೋಡ್ರಿ, ಬೆಚ್ಚಗಿದ್ರ ಚಿಂತಿಲ್ಲ, ಕೈ ಇಡಾಕ ಆಗಲಿಲ್ಲಂದ್ರ ಬಿಗಿ ಹೆಚ್ಚಾಗೇತಿ. ಗ್ರೀಸ್ ತುಂಬೋ ಸಣ್ಣ ಬಾಯಿ, ಅಂದ್ರ ನಿಪ್ಪಲ್, ಒಂದೊಂದು ನೋಡ್ರಿ. ಗ್ರೀಸ್ ಹೊಡದ ನಿಪ್ಪಲ್ ಬಾಯಾಗ ಹೊಸಾ ಗ್ರೀಸ್ ಇರತೈತಿ, ಧೂಳಿ ಒಣಗಿ ಕುಂತಿದ್ರ ಗ್ರೀಸ್ ಗನ್ ಅಲ್ಲಿಗೆ ಹೋಗೇ ಇಲ್ಲ. ಮುಂದಿನ ಆಕ್ಸಲ್ ನಡುವಿನ ಪಿನ್ನಿಂದು ಸುಲಭಕ್ಕ ಕಾಣೂದಿಲ್ಲ, ಬಿಟ್ಟು ಹೋಗೋದು ಅದ.

ಹೈಡ್ರಾಲಿಕ್ ಬಿಚ್ಚಿದ್ರ ಕಲ್ಟಿವೇಟರ್ ಹಚ್ಚಿ ಮ್ಯಾಲ ಎತ್ತಿ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಡ್ರಿ. ಸ್ವಲ್ಪ ಇಳದ್ರ ಇರಲಿ, ನೆಲಕ್ಕ ಕುಂತ್ರ ಒಳಗ ಸೀಲ್ ಸೋರತೈತಿ. ಎತ್ತಿದ ಸಾಮಾನಿನ ಕೆಳಗ ಯಾರೂ ಹೋಗಬ್ಯಾಡ್ರಿ. ಹಾನಗಲ್ ಕಡೆ ಗದ್ದಿ ರಾಡಿಯೊಳಗ ಓಡಿಸೋರು ಗೇರ್‌ಬಾಕ್ಸ್ ಎಣ್ಣಿ ಬಣ್ಣಾ ನೋಡ್ರಿ, ಹಾಲಿನಂಗ ಆಗಿದ್ರ ನೀರು ಹೊಕ್ಕೈತಿ.

ಕ್ಲಚ್ ಹೌಸಿಂಗ್ (ಕ್ಲಚ್ ಒಳಗ ಕುಂತಿರೋ ಪೆಟಗಿ) ತಳದಾಗ ಸಣ್ಣ ತೂತು, ಅದರಾಗ ಜೋತಾಡೋ ಸ್ಪ್ಲಿಟ್ ಪಿನ್ ಇರತೈತಿ. ರಾಡಿ ಕೆಲಸಕ್ಕ ಅದನ್ನ ಪ್ಲಗ್ ಹಾಕಿ ಮುಚ್ಚತಾರ, ಮುಗದ ಮ್ಯಾಲ ತಗೀಬೇಕು. ಕ್ಲಚ್ ಕೆಲಸ ಆದ ಮ್ಯಾಲ ಆ ಪಿನ್ನಿನಿಂದ ಎಣ್ಣಿ ಹನದ್ರ ಒಳಗಿನ ಎಣ್ಣಿ ಸೀಲ್ ಸರಿ ಕುಂತಿಲ್ಲ. ಪ್ಲೇಟಿಗೆ ಎಣ್ಣಿ ಹತ್ತೋದ್ರೊಳಗ ಅದ ಗ್ಯಾರೇಜಿಗೆ ಹೊಳ್ಳಿ ಒಯ್ರಿ.

ಬ್ಯಾಟರಿ ಟರ್ಮಿನಲ್ ಕೈಲೆ ತಿರುವಿದ್ರ ತಿರುಗಬಾರದು. ದೀಪಾ, ಹಾರ್ನ್, ಇಂಡಿಕೇಟರ್, ಟ್ರೇಲರ್ ಪ್ಲಗ್ ಒಂದ್ ಸಲ ಹಾಕಿ ನೋಡ್ರಿ, ಸಾಕು.

ಮನಿಗೆ ಬಂದ ಮ್ಯಾಲ ಗಾಡಿ ಕೆಳಗ ಹಳೀ ರಟ್ಟು ಹಾಸಿ ರಾತ್ರಿ ಬಿಡ್ರಿ. ಮುಂಜಾನಿ ಕಲೆ ನೋಡಿದ್ರ ಎಲ್ಲಿಂದ ಸೋರೈತಿ ಅಂತ ಗೊತ್ತಾಗತೈತಿ. ಕರೀದಿದ್ರ ಎಂಜಿನ್ ಎಣ್ಣಿ, ಕಂದು ಬಣ್ಣದ್ದು ಗೇರ್‌ಬಾಕ್ಸ್ ಇಲ್ಲಾ ಹೈಡ್ರಾಲಿಕ್, ತೆಳ್ಳಗ ಹರಡಿ ವಾಸನಿ ಬಂದ್ರ ಡೀಸೆಲ್, ಹಸರೋ ಗುಲಾಬಿಯೋ ಇದ್ರ ಕೂಲೆಂಟ್. ಕಲೆ ಇದ್ರ ಅವತ್ತ ಫೋಟೋ ಹೊಡದು ಗ್ಯಾರೇಜಿಗೆ ಕಳಸ್ರಿ. ನಾಲ್ಕು ದಿನಾ ದುಡಿಸಿ ಆಮ್ಯಾಲ ಹೋದ್ರ, ಹೊಲದಾಗ ಆಗಿರಬೇಕು ಬಿಡ್ರಿ ಅಂತಾರ, ಅವರ ಮಾತು ಸುಳ್ಳು ಅನ್ನಾಕೂ ಬರೂದಿಲ್ಲ.

ಹತ್ತು ತಾಸು ದುಡದ ಮ್ಯಾಲ ಗಾಲಿ ನಟ್ಟು ಮತ್ತೊಮ್ಮೆ ಬಿಗೀರಿ, ಹೊಸಾ ಬೆಲ್ಟ್ ಹಾಕಿದ್ರ ಅದೂ ಜಗ್ಗಿರತೈತಿ, ನೋಡ್ರಿ. ಸರ್ವಿಸ್ ಪುಸ್ತಕದಾಗ ತಾರೀಖು, ಅವರ್ ಮೀಟರ್ ಅಂಕಿ, ಸಿಕ್ಕಾ, ಮೂರೂ ಬಿದ್ದಾವೋ ಇಲ್ಲೋ ತಾಳಿ ನೋಡ್ರಿ, ವಾರಂಟಿ ಕೇಳುವಾಗ ಮೊದಲ ತಗಸೋದು ಅದ ಹಾಳಿ. ಎಣ್ಣಿ ಮುಂದ ಯಾವಾಗ ಬದಲಿ ಅನ್ನೋದನ್ನ ಬಾನೆಟ್ ಒಳಮೈಗೆ ಪೇಂಟಿಲೆ ಬರದಿಡ್ರಿ. ಇವತ್ತು ಮೀಟರ್ 1,310 ಇದ್ದು ನಿಮ್ಮ ಪುಸ್ತಕ 250 ತಾಸು ಅಂದ್ರ, ಅಲ್ಲಿ 1,560 ಅಂತಿರಲಿ.