ಓದುವವರ ಕೈಗೆ ಸಿಗದ ಕೀಲಿ

ಕೇಳುಗರೆಲ್ಲರಿಗೂ ನಮಸ್ಕಾರ.

2009ರ ಏಪ್ರಿಲ್ 7ರಂದು ನ್ಯೂಯಾರ್ಕಿನ ಒಂದು ಕಚೇರಿಯ ಮುಂದೆ ನೂರಾರು ಜನ ಸೇರಿದ್ದರು. ಬಹಳ ಜನರ ಕೈಯಲ್ಲಿ ಬಿಳಿ ಕೋಲು. ಕಣ್ಣು ಕಾಣದವರು, ಅಕ್ಷರ ಓದಲು ಕಷ್ಟಪಡುವವರು, ಅವರ ಜೊತೆಗೆ ಬಂದ ಗೆಳೆಯರು. ಅದು ಅಮೆರಿಕದ ಲೇಖಕರ ಸಂಘ ಆಥರ್ಸ್ ಗಿಲ್ಡ್‌ನ ಕಚೇರಿ. ಬಂದವರು ಪುಸ್ತಕ ಪುಕ್ಕಟೆ ಕೊಡಿ ಅಂತ ಕೇಳಲಿಲ್ಲ. ದುಡ್ಡು ಕೊಟ್ಟು ಕೊಳ್ಳುತ್ತೇವೆ, ಓದಲು ಬಿಡಿ ಅಂತ ಕೇಳಿದರು.

ಆಗಿದ್ದು ಇಷ್ಟು. ಆ ವರ್ಷ ಫೆಬ್ರವರಿಯಲ್ಲಿ ಅಮೆಜಾನ್ ಕಂಪನಿ ಕಿಂಡಲ್ 2 ಅನ್ನುವ ಓದುವ ಸಾಧನವನ್ನು ತಂದಿತು. ಅದರಲ್ಲಿ ಪುಸ್ತಕವನ್ನು ಯಂತ್ರದ ದನಿಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಬಹುದಿತ್ತು. ಕಣ್ಣಿದ್ದವರಿಗೆ ಇದೊಂದು ಅನುಕೂಲ, ಅಷ್ಟೇ. ಕಣ್ಣಿಲ್ಲದವರಿಗೆ ಮಾತ್ರ ಅಲ್ಲಿಯವರೆಗೆ ಮುಚ್ಚಿದ್ದ ಲಕ್ಷಾಂತರ ಪುಸ್ತಕ ಒಮ್ಮೆಲೇ ಕೈಗೆ ಬರುವ ಹಾಗಿತ್ತು. ಗಿಲ್ಡ್ ತಕರಾರು ತೆಗೆಯಿತು. ಗಟ್ಟಿಯಾಗಿ ಓದಿದರೆ ಅದು ಆಡಿಯೊ ಪುಸ್ತಕ, ಅದರ ಹಕ್ಕು ಬೇರೆ ಎಂದಿತು. ಕೆಲವೇ ದಿನಗಳಲ್ಲಿ ಅಮೆಜಾನ್ ಮಣಿಯಿತು. ಯಾವ ಪುಸ್ತಕ ಮಾತಾಡಬೇಕು, ಯಾವುದು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದನ್ನು ಪ್ರಕಾಶಕರೇ ತೀರ್ಮಾನಿಸಲಿ ಅಂತ ಬಿಟ್ಟುಕೊಟ್ಟಿತು.

ಈ ಬಾಯಿ ಮುಚ್ಚಿಸುವ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ಬೀಗ ಹಾಕಿದ ಇ-ಪುಸ್ತಕದ ಫೈಲಿನಲ್ಲಿ ಅಕ್ಷರಗಳು ಕಲಸಿದ ಗುಪ್ತ ಲಿಪಿಯಲ್ಲಿರುತ್ತವೆ. ಅದನ್ನು ಬಿಡಿಸುವ ಕೀಲಿ ಕಂಪನಿಯ ಆ್ಯಪ್‌ಗೆ ಗೊತ್ತು, ನಮಗೆ ಗೊತ್ತಿಲ್ಲ. ಆ್ಯಪ್ ಪುಟವನ್ನು ಬಿಡಿಸಿ ಪರದೆಯ ಮೇಲೆ ತೋರಿಸುತ್ತದೆ. ಕಣ್ಣು ಕಾಣದವರು ಬಳಸುವ, ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಪರದೆಯನ್ನು ನೋಡುವುದಿಲ್ಲ. ಅದು ಆ್ಯಪ್ ಹತ್ತಿರ, ಇಲ್ಲಿರುವ ಅಕ್ಷರಗಳನ್ನು ಕೊಡು ಅಂತ ಕೇಳುತ್ತದೆ. ಬೀಗದ ಲೆಕ್ಕದಲ್ಲಿ ಅಕ್ಷರ ಹೊರಗೆ ಕೊಡುವುದೂ ಒಂದೇ, ನಕಲು ಮಾಡುವುದೂ ಒಂದೇ. ಹಾಗಾಗಿ ಎಷ್ಟೋ ಬೀಗಗಳು ಅದಕ್ಕೆ ಬಿಡುವುದಿಲ್ಲ. ಪರದೆ ತುಂಬ ಅಕ್ಷರ ಇದೆ, ಕಿವಿಗೆ ಒಂದು ಪದವೂ ಬೀಳುವುದಿಲ್ಲ. ಕದಿಯಬೇಕು ಅಂತ ಹೊರಟವನಿಗೆ ಪರದೆಯ ಫೋಟೊ ಹೊಡೆದರೂ ಸಾಕು. ಏಟು ತಿನ್ನುವವರು ದುಡ್ಡು ಕೊಟ್ಟವರು.

ಸರಿ, ಬೀಗ ಮುರಿದರಾಯಿತು ಅಲ್ವಾ? ಅಮೆರಿಕದಲ್ಲಿ ಅದಕ್ಕೂ ಸುಲಭದ ದಾರಿಯಿಲ್ಲ. ಅಲ್ಲಿನ 1998ರ ಡಿಜಿಟಲ್ ಕಾಪಿರೈಟ್ ಕಾನೂನಿನ ಪ್ರಕಾರ ಬೀಗ ಮುರಿಯುವುದೇ ತಪ್ಪು. ಪುಸ್ತಕ ನಿಮ್ಮದೇ ಆಗಿರಲಿ, ಉದ್ದೇಶ ಒಳ್ಳೆಯದೇ ಇರಲಿ. ವಿನಾಯಿತಿ ಬೇಕಾದರೆ ಅರ್ಜಿ ಹಾಕಬೇಕು, ಸಿಕ್ಕಿದರೂ ಅದರ ಆಯಸ್ಸು 3 ವರ್ಷ. ಅಂಧರಿಗೆ ಇ-ಪುಸ್ತಕದ ವಿನಾಯಿತಿ ಮೊದಲು ಸಿಕ್ಕಿದ್ದು 2003ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮೂರು ಮೂರು ವರ್ಷಕ್ಕೊಮ್ಮೆ ಮತ್ತೆ ಅದೇ ಅರ್ಜಿ, ಅದೇ ವಿವರಣೆ. ನಮಗೆ ಈಗಲೂ ಕಣ್ಣು ಕಾಣುವುದಿಲ್ಲ ಅಂತ ಸರ್ಕಾರಕ್ಕೆ ಪದೇ ಪದೇ ನೆನಪಿಸಬೇಕಾದ ಪಾಡು. ನನಗೆ ಇದು ಅವಮಾನ ಅನ್ನಿಸುತ್ತದೆ.

ಇಂಥ ಬೀಗಗಳ ವಿರುದ್ಧ ಬೀದಿಗಿಳಿದವರು ಇವರೇ ಮೊದಲಲ್ಲ. 2006ರಲ್ಲಿ, ತಂತ್ರಾಂಶ ಬಳಸುವವರ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನವರು ಡಿಫೆಕ್ಟಿವ್ ಬೈ ಡಿಸೈನ್, ಅಂದರೆ ಬೇಕೆಂದೇ ದೋಷ ಇಟ್ಟು ಮಾಡಿದ್ದು, ಅನ್ನುವ ಚಳವಳಿ ಶುರುಮಾಡಿದರು. ಸಿಯಾಟಲ್‌ನಲ್ಲಿ ಮೈಕ್ರೋಸಾಫ್ಟ್ ಸಮ್ಮೇಳನದ ಹೊರಗೆ, ವಿಷಾನಿಲದಿಂದ ಕಾಪಾಡುವ ಹಳದಿ ದಿರಿಸು ತೊಟ್ಟು ನಿಂತರು. ಆಗ ಎಷ್ಟೋ ಜನಕ್ಕೆ ಅದು ಅತಿರೇಕ ಅನ್ನಿಸಿರಬಹುದು. ಮೂರೇ ವರ್ಷದಲ್ಲಿ, 2009ರ ಜುಲೈಯಲ್ಲಿ, ಜಾರ್ಜ್ ಆರ್ವೆಲ್ ಬರೆದ '1984' ಕಾದಂಬರಿ ಜನರ ಕಿಂಡಲ್‌ನಿಂದ ಇದ್ದಕ್ಕಿದ್ದಂತೆ ಮಾಯವಾಯಿತು. ಮಾರಿದವರಿಗೆ ಅದನ್ನು ಮಾರುವ ಹಕ್ಕು ಇರಲಿಲ್ಲವಂತೆ. ಅಮೆಜಾನ್ ಹಣ ವಾಪಸ್ ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಆದರೂ ಅಂಗಡಿಯವನು ರಾತ್ರಿ ನಿಮ್ಮ ಮನೆಗೆ ನುಗ್ಗಿ, ಕಪಾಟಿನಿಂದ ಪುಸ್ತಕ ಎತ್ತಿಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ಒಪ್ಪುತ್ತೀರಾ?

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿನ ಕಥೆಯಲ್ಲಿ ಹೆಮ್ಮೆಪಡುವಂಥದ್ದು ಇದೆ.

2010ರಲ್ಲಿ ಕಾಪಿರೈಟ್ ತಿದ್ದುಪಡಿ ಮಸೂದೆ ಸಂಸತ್ತಿಗೆ ಬಂತು. ಹಕ್ಕುದಾರರ ಅನುಮತಿ ಇಲ್ಲದೆಯೇ ಪುಸ್ತಕವನ್ನು ಅಂಗವಿಕಲರು ಓದಬಲ್ಲ ರೂಪಕ್ಕೆ ಬದಲಿಸುವ ವಿನಾಯಿತಿ ಅದರಲ್ಲಿತ್ತು. ಆದರೆ ಮುಖ್ಯವಾಗಿ ಬ್ರೈಲ್‌ನಂಥ, ಅವರಿಗಾಗಿಯೇ ಮಾಡಿದ ವಿಶೇಷ ರೂಪಗಳಿಗೆ ಮಾತ್ರ. ಬ್ರೈಲ್ ಬಾರದವರು ಏನು ಮಾಡಬೇಕು? ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡವರು? ಕೈ ಸ್ವಾಧೀನದಲ್ಲಿಲ್ಲದೆ ಪುಟ ತಿರುಗಿಸಲಾಗದವರು? ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಅನ್ನುವ ಸಂಶೋಧನಾ ಸಂಸ್ಥೆಯ ನಿರ್ಮಿತಾ ನರಸಿಂಹನ್, ಚೆನ್ನೈನ ವಕೀಲ ರಾಹುಲ್ ಚೆರಿಯನ್, ಅವರಂಥ ಇನ್ನೂ ಅನೇಕರು ಇದೇ ಪ್ರಶ್ನೆಗಳನ್ನು ಹಿಡಿದುಕೊಂಡು ಓಡಾಡಿದರು. ಸಂಸದೀಯ ಸಮಿತಿಗೂ ಅವರ ಮಾತು ಮನವರಿಕೆಯಾಯಿತು. 2012ರಲ್ಲಿ ಪಾಸಾದ ಕಾನೂನು ಎಲ್ಲ ರೂಪಗಳಿಗೂ ಬಾಗಿಲು ತೆರೆಯಿತು. ಮಾಮೂಲಿ ಕಂಪ್ಯೂಟರ್ ಫೈಲ್ ಆದರೂ ಸರಿ. ಮರುವರ್ಷ ಮೊರಾಕೊದ ಮರಾಕೆಶ್ ನಗರದಲ್ಲಿ ಅಂಧ ಓದುಗರಿಗಾಗಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಒಪ್ಪಂದಕ್ಕಾಗಿ ದುಡಿದ ರಾಹುಲ್ ಅದು ಆದದ್ದನ್ನು ನೋಡಲಿಲ್ಲ. ಒಪ್ಪಂದಕ್ಕೆ ಕೆಲವೇ ತಿಂಗಳ ಮುಂಚೆ ತೀರಿಕೊಂಡಿದ್ದರು.

ಅದೇ 2012ರ ತಿದ್ದುಪಡಿ ಡಿಜಿಟಲ್ ಬೀಗದ ಮಾತನ್ನೂ ಎತ್ತಿತು. ಸೆಕ್ಷನ್ 65ಎ. ಕೃತಿಯ ಹಕ್ಕು ಕದಿಯುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಉದ್ದೇಶ ಅನ್ನುವ ಆ ಷರತ್ತನ್ನು ಗಮನಿಸಿ. ಕಾನೂನು ತಡೆಯದ ಕೆಲಸಕ್ಕಾಗಿ ಮುರಿದರೆ ತಪ್ಪಿಲ್ಲ. ಅಮೆರಿಕದವರು ಮೂರು ವರ್ಷಕ್ಕೊಮ್ಮೆ ಬೇಡುವುದನ್ನು ನಮ್ಮ ಕಾನೂನು ಒಂದೇ ಸಲ ಕೊಟ್ಟುಬಿಟ್ಟಿದೆ.

ಆದರೂ ಎರಡು ಕೊರತೆ ಇವೆ. ಮುರಿಯಬಹುದು ಅಂತ ಕಾನೂನು ಹೇಳುತ್ತದೆ, ಕೀಲಿ ಕೊಡಿ ಅಂತ ಕಂಪನಿಗೆ ಹೇಳುವುದಿಲ್ಲ. ಸುಮ್ನೆ ಅನುಮತಿ ಇಟ್ಟುಕೊಂಡು ಒಬ್ಬ ವಿದ್ಯಾರ್ಥಿನಿ ಏನು ಮಾಡಬೇಕು? ಯಾರಾದರೂ ತಿಳಿದವರ ನೆರವು ಬೇಕು. ಆ ನೆರವು ಕೊಡುವವರು ಯಾರಿಗಾಗಿ ಬೀಗ ತೆಗೆದೆವು, ಅವರ ಹೆಸರೇನು, ವಿಳಾಸವೇನು, ಯಾವ ಕೆಲಸಕ್ಕೆ ಅಂತ ಪೂರ್ತಿ ದಾಖಲೆ ಇಡಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. ಅಣ್ಣ ತಂಗಿಗೆ ಪುಸ್ತಕ ಓದುವ ಹಾಗೆ ಮಾಡಿಕೊಟ್ಟರೂ ಲೆಕ್ಕ ಬರೆದಿಡಬೇಕೇ? ಈ ಷರತ್ತು ಹೋಗಬೇಕು.

ಕನ್ನಡದ ಪ್ರಕಾಶಕರಿಗೆ ನನ್ನದೊಂದು ಕೋರಿಕೆ. ಬೀಗ ತೆಗೆದರೆ ನಕಲು ಜಾಸ್ತಿಯಾಗುತ್ತದೆ ಅನ್ನುವ ನಿಮ್ಮ ಭಯ ನನಗೆ ಗೊತ್ತು. ನಮ್ಮಲ್ಲಿ ಪುಸ್ತಕದ ಲಾಭವೇ ಕಡಿಮೆ. ಆದರೆ ವೈಜ್ಞಾನಿಕ ಕಾದಂಬರಿಗಳಿಗೆ ಹೆಸರಾದ ಟಾರ್ ಪ್ರಕಾಶನ 2012ರಲ್ಲಿ ತನ್ನ ಎಲ್ಲ ಇ-ಪುಸ್ತಕಗಳ ಬೀಗ ತೆಗೆಯಿತು. ಒಂದು ವರ್ಷದ ನಂತರ ಅದರ ಬ್ರಿಟನ್ ಶಾಖೆ, ನಕಲು ಹೆಚ್ಚಾದದ್ದು ಕಾಣಲಿಲ್ಲ ಎಂದು ಬರೆಯಿತು. ಕನ್ನಡವನ್ನು ಓದಿ ಹೇಳುವ ಉಚಿತ ತಂತ್ರಾಂಶಗಳು ಈಗ ಇವೆ. ನಿಮ್ಮ ಮುಂದಿನ ಇ-ಪುಸ್ತಕವನ್ನು ಬಿಡುಗಡೆಗೆ ಮುಂಚೆ ಒಬ್ಬ ಅಂಧ ಓದುಗರ ಕೈಗೆ ಕೊಟ್ಟು ನೋಡಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವರಿಗೆ ಕೇಳಿಸಿದರೆ ಮಾತ್ರ ಮಾರಾಟಕ್ಕೆ ಬಿಡಿ.

ನಮಸ್ಕಾರ.