ಕರಡಿನಲ್ಲೇ ಗಟ್ಟಿಯಾಗುವ ನಿಯಮಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮೊಬೈಲಿನಲ್ಲಿ ಸುದ್ದಿ ಓದುವಾಗ ಉದ್ದದ ಶೀರ್ಷಿಕೆ ಎರಡು ಸಾಲಿಗೇ ನಿಂತು ಕೊನೆಗೆ ಮೂರು ಚುಕ್ಕಿ ಬರುತ್ತದೆ, ಅಲ್ವಾ? ಅದಕ್ಕಾಗಿ ವೆಬ್‌ಸೈಟ್ ಮಾಡುವವರು ಇವತ್ತಿಗೂ ಹೆಚ್ಚಾಗಿ ಬರೆಯುವ ಸಾಲುಗಳಲ್ಲಿ ‘ವೆಬ್‌ಕಿಟ್ ಬಾಕ್ಸ್’ ಅಂತ ಒಂದಿದೆ. ಅದು ವೆಬ್ ಪುಟದ ನಿಯಮಗಳ 2009ರ ಒಂದು ಕರಡಿನದು. ನಿಯಮ ಮಾಡುವ ಸಮಿತಿ ಆ ಕರಡನ್ನು ಪೂರ್ತಿ ತಿದ್ದಿ ಬರೆದು ಎಷ್ಟೋ ವರ್ಷವಾಯಿತು. ಹಳೇ ಸಾಲು ಮಾತ್ರ ಜಾಗ ಬಿಟ್ಟಿಲ್ಲ.

ಪುಟದ ಬಣ್ಣ, ಅಂಚು, ಜೋಡಣೆಗೆ ಇರುವ ಭಾಷೆ ಸಿಎಸ್‌ಎಸ್. ಅದರ ನಿಯಮಗಳನ್ನು ವೆಬ್‌ಗೆ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸಮಿತಿ ಕರಡು ಮಾಡಿ, ತಿದ್ದಿ, ಆಮೇಲೆ ಗಟ್ಟಿ ಮಾಡುತ್ತದೆ. ಕರಡು ಇರುವಾಗಲೇ ಬ್ರೌಸರ್ ಕಂಪನಿಗಳು ಅದನ್ನು ಮಾಡಿ ನೋಡಬೇಕು. ಇಲ್ಲದಿದ್ದರೆ ತಪ್ಪು ಗೊತ್ತಾಗುವುದೇ ಇಲ್ಲ. ಹಾಗಾಗಿ ಒಂದು ಉಪಾಯ ಮಾಡಿದ್ದರು. ಪ್ರಯೋಗದ ಹೆಸರಿನ ಮುಂದೆ ತಯಾರಕರ ಗುರುತು: ಸಫಾರಿಗೆ ವೆಬ್‌ಕಿಟ್, ಫೈರ್‌ಫಾಕ್ಸ್‌ಗೆ ಮೋಜ್. ಇದಿನ್ನೂ ಹಸಿ, ನೆಚ್ಚಿಕೊಳ್ಳಬೇಡಿ ಅಂತ ಅರ್ಥ.

ಯಾರು ಕೇಳುತ್ತಾರೆ! 2007ರಲ್ಲಿ ಐಫೋನ್ ಬಂತು, ಹಿಂದೆಯೇ ಆಂಡ್ರಾಯ್ಡ್. ಎರಡರ ಬ್ರೌಸರ್ ಒಳಗೂ ಪುಟ ಮೂಡಿಸುವ ತಂತ್ರಾಂಶ ವೆಬ್‌ಕಿಟ್. ಮೊಬೈಲ್ ಪುಟ ಮಾಡುವವರು ಆ ಒಂದು ಗುರುತನ್ನಷ್ಟೇ ಬರೆದು ಕೈತೊಳೆದುಕೊಂಡರು. ಬೇರೆ ಬ್ರೌಸರಿನಲ್ಲಿ ಅದೇ ಪುಟ ಅಡ್ಡಾದಿಡ್ಡಿ. ನೋಡುವವರು ಬೈದದ್ದು ಪುಟವನ್ನಲ್ಲ, ಬ್ರೌಸರನ್ನು.

ಕೊನೆಗೆ ವೆಬ್‌ಕಿಟ್ ಗುರುತನ್ನು ತಾವೂ ಒಪ್ಪಿಕೊಂಡು 2012ರಲ್ಲಿ ಒಪೆರಾ ಬ್ರೌಸರ್ ಮಣಿಯಿತು, 2016ರಲ್ಲಿ ಫೈರ್‌ಫಾಕ್ಸ್. ಎದುರಂಗಡಿಯ ಬೋರ್ಡನ್ನು ನಮ್ಮ ಅಂಗಡಿಗೇ ನೇತುಹಾಕಿದ ಹಾಗೆ! ಸಫಾರಿಯ ಒಳಗಿನ ವೆಬ್‌ಕಿಟ್ 2008ರಲ್ಲಿ ಬಣ್ಣದಿಂದ ಬಣ್ಣಕ್ಕೆ ಜಾರುವ ಹಿನ್ನೆಲೆಗೆ ಒಂದು ಬರವಣಿಗೆ ತಂದಿತ್ತು. ಸಮಿತಿ ಆಮೇಲೆ ಅದಕ್ಕಿಂತ ಸರಳವಾದದ್ದನ್ನು ಒಪ್ಪಿತು. ಆದರೂ ಫೈರ್‌ಫಾಕ್ಸ್ ಆ ಹಳೆಯದನ್ನೂ ಕಲಿಯಬೇಕಾಯಿತು.

ಇದರಲ್ಲಿ ಕಂಪನಿಗಳ ಅವಸರವನ್ನಷ್ಟೇ ದೂರುವುದು ನನಗೆ ಸರಿ ಕಾಣುವುದಿಲ್ಲ. ಸಮಿತಿಯದ್ದು ಆಮೆ ನಡಿಗೆ. ಪುಟ ಮಾಡುವವರಿಗೆ ಕೆಲಸ ನಾಳೆಗೇ ಆಗಬೇಕು. ಆದರೆ ಒಳ್ಳೆಯ ತಿದ್ದುಪಡಿ ಹಿಡಿದು ಬಂದವರಿಗೆ ‘ಈಗ ಬದಲಿಸಿದರೆ ಇರುವ ಪುಟಗಳೆಲ್ಲ ಕೆಡುತ್ತವೆ’ ಅಂದುಬಿಟ್ಟರೆ ಚರ್ಚೆ ಅಲ್ಲಿಗೇ ಮುಗಿಯಿತು. ಕರಡು ಅನ್ನುವುದು ಬರೀ ಹೆಸರಿಗೆ.

2013ರಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರಿಗೆ ಇಂಥ ಹೊಸ ಗುರುತುಗಳನ್ನು ತರುವುದಿಲ್ಲ ಅಂತ ಹೇಳಿತು. ಪ್ರಯೋಗದ ಸೌಲಭ್ಯ ಈಗ ಸ್ವಿಚ್ಚಿನ ಹಿಂದೆ ಇರುತ್ತದೆ. ನಾವಾಗಿ ಹಾಕಿಕೊಳ್ಳದೆ ಅದು ಕೆಲಸ ಮಾಡುವುದಿಲ್ಲ. ನಿಜವಾದ ಬಳಕೆದಾರರ ಮೇಲೆ ಪರೀಕ್ಷಿಸಬೇಕೆಂದರೆ ವೆಬ್‌ಸೈಟ್ ಹೆಸರು ನೋಂದಾಯಿಸಬೇಕು. ಅದಕ್ಕೂ ಅವಧಿ ಉಂಟು. ಕ್ರೋಮ್‌ನಲ್ಲಿ ತೆರೆಯುವ ಪುಟಗಳಲ್ಲಿ ಅದರ ಬಳಕೆ ಸಾಮಾನ್ಯವಾಗಿ ಶೇಕಡಾ 0.5 ದಾಟುವಂತಿಲ್ಲ. ದಾಟಿದರೆ ಪ್ರಯೋಗವನ್ನೇ ನಿಲ್ಲಿಸುತ್ತಾರೆ.

ನಮಸ್ಕಾರ.